ಹಿಸ್ಟೋನನ್ನು ಕಂಡವರು

ವಿಜ್ಞಾನಿಗಳ ಚರಿತ್ರೆಗಳಲ್ಲಿ ನನಗೆ ಮೆಚ್ಚಿನದು ಆಲ್ಬ್ರೆಕ್ಟ್ ಕೊಸ್ಸೆಲ್ಲರದು. 1853ರಲ್ಲಿ ಜರ್ಮನಿಯ ರೋಸ್ಟಾಕಿನಲ್ಲಿ ಜನಿಸಿದ ಇವರು ಓದಿದ್ದು ವೈದ್ಯಕೀಯ. ಮನಸ್ಸು ನೆಟ್ಟದ್ದು ರಸಾಯನದಲ್ಲಿ. ಸ್ಟ್ರಾಸ್‌ಬರ್ಗಿನಲ್ಲಿ ಹೊಪ್ಪೆ-ಸೈಲರರ ಶಿಷ್ಯರಾದರು.

1884ರಲ್ಲಿ ಹೆಬ್ಬಾತಿನ ಕೆಂಪು ರಕ್ತಕಣಗಳಿಂದ ಒಂದು ಪ್ರೋಟೀನನ್ನು ಬೇರ್ಪಡಿಸಿ ಹಿಸ್ಟೋನ್ ಎಂದು ಹೆಸರಿಟ್ಟರು. ನಮ್ಮ ಕೆಂಪುಕಣಗಳಲ್ಲಿಲ್ಲದ ಕೋಶಕೇಂದ್ರ ಹಕ್ಕಿಗಳ ಕಣಗಳಲ್ಲಿರುವುದೇ ಈ ಆಯ್ಕೆಗೆ ಕಾರಣ. 1910ರಲ್ಲಿ ನೊಬೆಲ್ ಬಹುಮಾನ ಬಂದಿತು. ಆದರೆ ಹಿಸ್ಟೋನಿನ ಮಹಿಮೆ ಅವರ ಕಾಲಕ್ಕೆ ತಿಳಿಯಲಿಲ್ಲ.

ಡಿ.ಎನ್.ಎ. ಎಳೆ ಸುತ್ತಿಕೊಂಡಿರುವುದು ಈ ಹಿಸ್ಟೋನಿನ ಮೇಲೆಯೇ. ಕೋಶ ಇಬ್ಭಾಗವಾಗುವ ಮುನ್ನ ಎಳೆಯ ಪ್ರತಿ ಸಿದ್ಧವಾಗಬೇಕು. ಆ ಕೆಲಸ ನಡುವೆ ತಡೆದು ನಿಂತರೆ ಅಲ್ಲಿಯ ಹಿಸ್ಟೋನಿಗೆ ಫಾಸ್ಫೇಟು ಅಂಟುತ್ತದೆ. ನಮ್ಮ ಕನಮಡಿಯ ಹೊಲದಲ್ಲಿ ನೇಗಿಲು ಬಂಡೆಗೆ ತಾಗಿದೆಡೆ ಕಡ್ಡಿ ನೆಟ್ಟಂತೆನ್ನೋಣ. ಗುರುತು ಕಂಡು ದುರಸ್ತಿಯ ಪ್ರೋಟೀನುಗಳು ಬಂದು ಸೇರುತ್ತವೆ. ಹೊಸದಾಗಿ ಕೂಡಿಸಿದ ಹಿಸ್ಟೋನಿನ ಒಂದೆಡೆಯಲ್ಲಿ ಮೀಥೈಲ್ ಗುರುತು ಇನ್ನೂ ಬಿದ್ದಿರುವುದಿಲ್ಲ. ಆ ಬರಿಯ ಜಾಗವೇ ಅದು ಹೊಸ ಪ್ರತಿಯೆಂದು ದುರಸ್ತಿಗೆ ಬಂದವರಿಗೆ ತಿಳಿಸುತ್ತದೆಂಬುದು 2016ರಲ್ಲಿ ಹೊರಬಿತ್ತು. ಈ ಏರ್ಪಾಡು ಕೆಟ್ಟರೆ ಎಳೆ ತುಂಡಾಗಿ ಅರ್ಬುದಕ್ಕೆ ದಾರಿಯಾಗಬಹುದು.

ಮೊದಲ ಮಹಾಯುದ್ಧದ ಕಾಲದಲ್ಲಿ, ಜನಕ್ಕೆ ಸಿಗುತ್ತಿದ್ದ ಅರೆಹೊಟ್ಟೆಯ ಪಡಿತರ ಸಾಕೆಂದು ಸಾರುವಂತೆ ಸರಕಾರ ಕೊಸ್ಸೆಲ್ಲರನ್ನು ಒತ್ತಾಯಿಸಿತು. ದೇಹದ ರಸಾಯನವನ್ನು ಬಲ್ಲವರು ಅವರು, ಒಪ್ಪಲಿಲ್ಲ. ನೊಬೆಲ್ ಬಹುಮಾನಕ್ಕಿಂತ ಇದು ನನಗೆ ದೊಡ್ಡದಾಗಿ ಕಾಣುತ್ತದೆ. 1927ರ ಜುಲೈಯಲ್ಲಿ ಹೈಡೆಲ್‌ಬರ್ಗಿನಲ್ಲಿ ತೀರಿಕೊಂಡರು.