ಕರ್ಟ್ ಟ್ಯಾಂಕ್

ಕರ್ಟ್ ಟ್ಯಾಂಕ್ (24 ಫೆಬ್ರವರಿ 1898 – 5 ಜೂನ್ 1983) ಜರ್ಮನಿಯ ವಿಮಾನ ವಿನ್ಯಾಸಕಾರರು ಮತ್ತು ಪರೀಕ್ಷಾ ವೈಮಾನಿಕರು. ಬೆಂಗಳೂರಿನ ವಿಮಾನಪುರದ ಎಚ್‌ಎಎಲ್ ಕಾರ್ಖಾನೆಯಲ್ಲಿ ಭಾರತದ ಮೊದಲ ಸ್ವದೇಶಿ ಜೆಟ್ ಯುದ್ಧವಿಮಾನವಾದ ಎಚ್‌ಎಫ್-24 ಮಾರುತವನ್ನು ರೂಪಿಸಿದ ತಂಡದ ಮುಖ್ಯಸ್ಥರಾಗಿದ್ದರು.

ಆರಂಭಿಕ ಜೀವನ

ಟ್ಯಾಂಕ್ ಅವರು ಜನಿಸಿದ್ದು ಇಂದು ಪೋಲೆಂಡಿಗೆ ಸೇರಿರುವ ಬ್ರೋಂಬರ್ಗ್ ನಗರದಲ್ಲಿ. ಮೊದಲನೆಯ ಮಹಾಯುದ್ಧದಲ್ಲಿ ಅಶ್ವದಳದಲ್ಲಿದ್ದು, ಅನಂತರ ಬರ್ಲಿನ್ನಿನಲ್ಲಿ ಎಂಜಿನಿಯರಿಂಗ್ ವ್ಯಾಸಂಗ ಮಾಡಿದರು. 1931ರಲ್ಲಿ ಫೋಕೆ-ವುಲ್ಫ್ ಸಂಸ್ಥೆಯನ್ನು ಸೇರಿದರು. ತಾವು ರೂಪಿಸಿದ ವಿಮಾನವನ್ನು ತಾವೇ ಹಾರಿಸಿ ನೋಡುವುದು ಅವರ ರೂಢಿಯಾಗಿತ್ತು. ಎಂಜಿನ್ನಿನ ಗುಣದೋಷಗಳನ್ನು ಅವರು ನಕ್ಷೆಯ ಮೇಜಿನ ಮುಂದೆ ಮಾತ್ರವಲ್ಲ, ಚಾಲಕನ ಪೀಠದಲ್ಲಿಯೂ ಕುಳಿತು ಅರಿತವರು.

ಎಫ್‌ಡಬ್ಲ್ಯು 190 ಮತ್ತು ಒಂದೇ ಹಿಡಿಯ ನಿಯಂತ್ರಣ

1939ರ ಜೂನ್ 1ರಂದು ಮೊದಲು ಹಾರಿದ ಎಫ್‌ಡಬ್ಲ್ಯು 190 ಯುದ್ಧವಿಮಾನವು ಅವರಿಗೆ ಖ್ಯಾತಿ ತಂದಿತು. ಗಾಳಿಯಿಂದ ತಂಪಾಗುವ ಎಂಜಿನ್ನನ್ನು ಅವರು ಆರಿಸಿಕೊಂಡಿದ್ದರು. ಆದರೆ ಮೊದಲ ಮಾದರಿಯಲ್ಲಿ ಅದು ವಿಪರೀತ ಕಾದು, ಚಾಲಕನ ಕೋಣೆ ಕುಲುಮೆಯಂತಾಗುತ್ತಿತ್ತು. ಅದರ ಬದಲಿಗೆ ಭಾರವಾದ ಬಿಎಂಡಬ್ಲ್ಯು 801 ಎಂಜಿನ್ ಬಂದಿತು. ತೂಕ ಸರಿತೂಗಿಸಲು ಚಾಲಕನ ಪೀಠವನ್ನು ಹಿಂದಕ್ಕೆ ಸರಿಸಬೇಕಾಯಿತು.

ಈ ಎಂಜಿನ್ನಿನಲ್ಲಿ ಕೊಮಾಂಡೊಗೆರೇಟ್ ಎಂಬ ನಿಯಂತ್ರಕವಿತ್ತು. ಚಾಲಕನು ಒಂದು ಹಿಡಿಯನ್ನು ಸರಿಸಿದರೆ ಸಾಕು. ಇಂಧನ ಮತ್ತು ಗಾಳಿಯ ಮಿಶ್ರಣ, ಕಿಡಿ ಹಾರುವ ಸಮಯ, ಒಳಸೇರುವ ಗಾಳಿಯ ಒತ್ತಡ, ಪ್ರೊಪೆಲ್ಲರಿನ ಅಲಗುಗಳ ಕೋನ ಎಲ್ಲವನ್ನೂ ಅದೇ ಹೊಂದಿಸುತ್ತಿತ್ತು. ಇಂದು ಕಾರಿನ ಎಂಜಿನ್ ಟ್ಯೂನಿಂಗ್ ಕಲಿಯುವವರು ಗಣಕದ ಮೂಲಕ ತಿದ್ದುವ ಮಿಶ್ರಣ, ಕಿಡಿಯ ಸಮಯ, ಒತ್ತಡಗಳನ್ನು ಅದು ಎಣ್ಣೆಯ ಒತ್ತಡ ಮತ್ತು ಸನ್ನೆಕೋಲುಗಳಿಂದಲೇ ಸಾಧಿಸುತ್ತಿತ್ತು. ಇದನ್ನು ಟ್ಯಾಂಕರ ಆವಿಷ್ಕಾರವೆಂದು ತಿಳಿಯಬಾರದು. ತಯಾರಿಸಿದವರು ಬಿಎಂಡಬ್ಲ್ಯು ಸಂಸ್ಥೆಯವರು. ಈ ವಿಮಾನಗಳು ನಾಜಿ ಆಡಳಿತದ ಯುದ್ಧಕ್ಕಾಗಿ ನಿರ್ಮಾಣವಾದವು, ಫೋಕೆ-ವುಲ್ಫ್ ಕಾರ್ಖಾನೆಗಳಲ್ಲಿ ಸೆರೆಯಾಳುಗಳನ್ನು ಬಲವಂತವಾಗಿ ದುಡಿಸಲಾಗಿತ್ತು ಎಂಬುದನ್ನೂ ಮರೆಯುವಂತಿಲ್ಲ.

ಯುದ್ಧಾನಂತರ ಅವರು ಅರ್ಜೆಂಟೀನಾಕ್ಕೆ ತೆರಳಿ ಪುಲ್ಕಿ 2 ಎಂಬ ಜೆಟ್ ವಿಮಾನವನ್ನು ರೂಪಿಸಿದರು. 1955ರಲ್ಲಿ ಅಧ್ಯಕ್ಷ ಪೆರೋನ್ ಪದಚ್ಯುತರಾದಾಗ ಅವರ ತಂಡ ಚದುರಿತು.

ವಿಮಾನಪುರದಲ್ಲಿ

1956ರಲ್ಲಿ ಟ್ಯಾಂಕ್ ಬೆಂಗಳೂರಿಗೆ ಬಂದರು. ಎಚ್‌ಟಿ-2 ತರಬೇತಿ ವಿಮಾನದ ವಿನ್ಯಾಸಕಾರ ವಿ. ಎಂ. ಘಾಟಗೆಯವರು ಆಗಲೇ ಅಲ್ಲಿದ್ದರು. ಎಚ್‌ಎಎಲ್‌ಗೆ ಜೆಟ್ ಯುದ್ಧವಿಮಾನದ ವಿನ್ಯಾಸ ಹೊಸದು. ಆದ್ದರಿಂದ ಮೊದಲು ಪೂರ್ಣ ಗಾತ್ರದ ಮರದ ಗ್ಲೈಡರೊಂದನ್ನು ಕಟ್ಟಿ, 1959ರಲ್ಲಿ ಡಕೋಟಾ ವಿಮಾನಕ್ಕೆ ಬಿಗಿದು ಎಳೆಸಿ ಹಾರಿಸಿದರು. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಅವರು ಮಾರುತವನ್ನು ಮೊದಲ ಬಾರಿಗೆ ಹಾರಿಸಿದರು.

ಕೊರತೆ ಇದ್ದುದು ಎಂಜಿನ್ನಿನಲ್ಲಿ. ಶಬ್ದದ ಇಮ್ಮಡಿ ವೇಗವನ್ನು ಉದ್ದೇಶಿಸಿ ವಿಮಾನವನ್ನು ರೂಪಿಸಲಾಗಿತ್ತು. ಅದಕ್ಕೆಂದು ನಂಬಿಕೊಂಡಿದ್ದ ಬ್ರಿಟನ್ನಿನ ಆರ್ಫಿಯಸ್ 12 ಎಂಜಿನ್ ಅಲ್ಲಿಯ ಸರಕಾರದ ಬೆಂಬಲ ತಪ್ಪಿ ನಿಂತುಹೋಯಿತು. ಅದರ ಅಭಿವೃದ್ಧಿಯ ವೆಚ್ಚ ಭರಿಸಲು ಭಾರತವೂ ಒಪ್ಪಲಿಲ್ಲ. ಕಡೆಗೆ ತಲಾ ಸುಮಾರು 2,200 ಕಿಲೋಗ್ರಾಂ ನೂಕುಬಲದ ಆರ್ಫಿಯಸ್ 703 ಎಂಜಿನ್ನುಗಳೆರಡನ್ನೇ ಕೂಡಿಸಬೇಕಾಯಿತು. ಈಜಿಪ್ಟಿನ ಇ-300 ಎಂಜಿನ್ನನ್ನು ಮಾರುತದಲ್ಲಿ ಪರೀಕ್ಷಿಸಿದರೂ ಆ ಯೋಜನೆ ಫಲಿಸಲಿಲ್ಲ. ಒಡಲು ಸಿದ್ಧವಾಗಿ, ಉಸಿರು ಸಾಲದಾದ ಈ ಸ್ಥಿತಿಯನ್ನು ವಿನ್ಯಾಸಕಾರರ ಸೋಲೆಂದು ಎಣಿಸುವುದು ನ್ಯಾಯವಲ್ಲ. ಮಾರುತವು ಶಬ್ದದ ವೇಗದ ಆಸುಪಾಸಿನಲ್ಲೇ ಉಳಿಯಿತು. ಆದರೂ 147 ವಿಮಾನಗಳು ನಿರ್ಮಾಣವಾಗಿ, 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಸಮರ್ಥವಾಗಿ ಸೇವೆ ಸಲ್ಲಿಸಿದವು.

ಕೊನೆಯ ದಿನಗಳು

ಟ್ಯಾಂಕ್ 1967ರಲ್ಲಿ ಎಚ್‌ಎಎಲ್ ತೊರೆದು ಸ್ವದೇಶಕ್ಕೆ ಮರಳಿದರು. ಎಂಜಿನ್ನಿನ ಬಲ ಹೆಚ್ಚಿಸುವ ಯತ್ನ ಇಲ್ಲಿ ಮುಂದುವರಿಯಿತು. 1970ರ ಜನವರಿ 10ರಂದು, ಆಫ್ಟರ್‌ಬರ್ನರ್ ಜೋಡಿಸಿದ ಪ್ರಾಯೋಗಿಕ ಮಾರುತವು ನೆಲಬಿಟ್ಟ ಕೆಲವೇ ಕ್ಷಣಗಳಲ್ಲಿ ಅಪಘಾತಕ್ಕೀಡಾಗಿ ಸುರಂಜನ್ ದಾಸ್ ಮೃತಪಟ್ಟರು. ವಿಮಾನಪುರದ ಸಮೀಪದ ರಸ್ತೆಯೊಂದಕ್ಕೆ ಅವರ ಹೆಸರಿದೆ. ಟ್ಯಾಂಕ್ 1983ರಲ್ಲಿ ಮ್ಯೂನಿಕ್ ನಗರದಲ್ಲಿ ನಿಧನರಾದರು.