ರಾಜಾ ದೀನ್ ದಯಾಳ್ ಮತ್ತು ಜನಾನಾ ಸ್ಟುಡಿಯೋ
ನಮ್ಮ ರಾಯಚೂರು, ಮಾನ್ವಿ, ದೇವದುರ್ಗ ನಿಜಾಮರ ಆಳ್ವಿಕೆಯಲ್ಲಿದ್ದ ಕಾಲದಲ್ಲಿ ಹೈದರಾಬಾದ್ ಆಸ್ಥಾನದ ಫೋಟೋಗ್ರಾಫರ್ ಆಗಿದ್ದವರು ರಾಜಾ ದೀನ್ ದಯಾಳ್. 1844ರಲ್ಲಿ ಮೀರತ್ ಬಳಿಯ ಸರ್ಧಾನಾದಲ್ಲಿ ಹುಟ್ಟಿ, ರೂರ್ಕಿಯಲ್ಲಿ ಎಂಜಿನಿಯರಿಂಗ್ ಕಲಿತವರು. ಇಂದೋರಿನಲ್ಲಿ ಸರ್ಕಾರಿ ನೌಕರಿ ಮಾಡುತ್ತಿದ್ದಾಗ ಕ್ಯಾಮೆರಾ ಹಿಡಿದರು. ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಅವರಿಗೆ ‘ಮುಸವ್ವಿರ್ ಜಂಗ್’ ಬಿರುದು ಕೊಟ್ಟರು.

ದರ್ಬಾರು, ಶಿಕಾರಿಯ ಚಿತ್ರಗಳಿಗಿಂತ ನನಗೆ ದೊಡ್ಡದೆನಿಸುವುದು 1892ರ ಕೆಲಸ. ಪರದೆಯಲ್ಲಿರುವ ಹೆಂಗಸರಿಗಾಗಿಯೇ ಹೈದರಾಬಾದಿನಲ್ಲಿ ಜನಾನಾ ಸ್ಟುಡಿಯೋ ತೆರೆದರು. ಸುತ್ತ ಎತ್ತರದ ಗೋಡೆ. ಒಳಗೆ ಕ್ಯಾಮೆರಾ ಹಿಡಿಯುವವರೂ ಹೆಂಗಸರೇ. ಮಾನ್ವಿಯ ನಮ್ಮ ನಾನಿಯ ಒಂದೂ ಫೋಟೋ ಇಲ್ಲ. ಫೋಟೋ ತೆಗೆಯುವವರು ಗಂಡಸರೆಂದು ಮದುವೆಗಳಲ್ಲಿ ಒಳಗೇ ಕೂರುತ್ತಿದ್ದರಂತೆ.

ದಯಾಳ್ 1905ರಲ್ಲಿ ತೀರಿಕೊಂಡರು. ಈಗ ದೇವದುರ್ಗದ ಮದುವೆಗಳಲ್ಲಿ ಹೆಂಗಸರ ಕಡೆ ನಮ್ಮ ಆಪಾ ಕ್ಯಾಮೆರಾ ಹಿಡಿಯುತ್ತಾರೆ. ಮೊದಲು ಮಾತಾಡಿಸಿ, ಎದುರಿಗಿದ್ದವರ ಸಂಕೋಚ ಹೋದ ಮೇಲೆಯೇ ಬಟನ್ ಒತ್ತುತ್ತಾರೆ.