ಅಧ್ಯಕ್ಷ ವಿಠ್ಠಲಭಾಯಿ ಪಟೇಲರು

ದೇಶವು ಪರಾಧೀನವಾಗಿದ್ದ ಕಾಲದಲ್ಲಿ ಶಾಸನಸಭೆಯನ್ನು ಪ್ರವೇಶಿಸುವುದು ಯೋಗ್ಯವೋ ಅಯೋಗ್ಯವೋ ಎಂಬ ವಾದವು ನಮ್ಮ ಧುರೀಣರನ್ನು ಎರಡು ಪಂಗಡಗಳಾಗಿ ಒಡೆದಿತ್ತು. ಸಭೆಯ ಬಹುಮತವನ್ನು ವೈಸರಾಯರು ತಮ್ಮ ಒಂದು ರುಜುವಿನಿಂದ ನಿರರ್ಥಕಗೊಳಿಸಬಹುದಾಗಿರಲು, ಅಲ್ಲಿ ಕುಳಿತು ಸಾಧಿಸುವುದೇನೆಂದು ಅನೇಕರು ಕೇಳುತ್ತಿದ್ದರು. ಆ ಪ್ರಶ್ನೆಗೆ ತಮ್ಮ ನಡತೆಯಿಂದಲೇ ಉತ್ತರವಿತ್ತವರು ವಿಠ್ಠಲಭಾಯಿ ಪಟೇಲರು. ಅವರು ಅಧ್ಯಕ್ಷಪೀಠವನ್ನೇರಿದ ದಿನಕ್ಕೆ 2025ನೆಯ ಇಸವಿಯಲ್ಲಿ ನೂರು ವರ್ಷಗಳು ತುಂಬಿದವು. ತಮ್ಮನಾದ ಸರದಾರ ವಲ್ಲಭಭಾಯಿಯವರ ಹೆಸರನ್ನು ಅರಿಯದವರಿಲ್ಲ. ಅಣ್ಣನ ಕಾರ್ಯವನ್ನು ಅರಿತವರು ವಿರಳ. ಆದುದರಿಂದ ಅವರ ಚರಿತ್ರೆಯನ್ನು ವಾಚಕರ ಮುಂದಿಡುವುದು ನಮಗೆ ಉಚಿತವೆನಿಸಿದೆ.

ಗುಜರಾತದ ಖೇಡಾ ಪ್ರಾಂತದ ಒಕ್ಕಲು ಮನೆತನವೊಂದರಲ್ಲಿ 1873ರಲ್ಲಿ ವಿಠ್ಠಲಭಾಯಿಯವರು ಹುಟ್ಟಿದರು. ಗೋಧ್ರಾ, ಬೋರಸದಗಳಲ್ಲಿ ವಕೀಲಿ ನಡೆಸಿದರು. 1905ರಲ್ಲಿ ವಲ್ಲಭಭಾಯಿಯವರು ವಿಲಾಯತಿಗೆ ಹೋಗಲು ತಾವೇ ದುಡಿದ ಹಣದಿಂದ ಏರ್ಪಾಡು ಮಾಡಿಕೊಂಡಿದ್ದರು. ವಿ. ಜೆ. ಪಟೇಲ್ ಎಂಬ ಹೆಸರಿನ ಕಾಗದಪತ್ರಗಳು ಅಣ್ಣನ ಕೈಗೆ ಬಂದವು. ಇಬ್ಬರ ಹೆಸರಿನ ಮೊದಲಕ್ಷರಗಳೂ ಒಂದೇ. ಹಿರಿಯನು ಇರುವಾಗ ಕಿರಿಯನು ಮುಂದಾಗುವುದು ತರವಲ್ಲವೆಂದು ಅಣ್ಣನು ಹೇಳಲು, ತಮ್ಮನು ಪ್ರಯಾಣವನ್ನೂ ಹಣವನ್ನೂ ಬಿಟ್ಟುಕೊಟ್ಟನು. ವಿಠ್ಠಲಭಾಯಿಯವರು 1908ರಲ್ಲಿ ಬ್ಯಾರಿಸ್ಟರರಾಗಿ ಮರಳಿ ಮುಂಬಯಿಯಲ್ಲಿ ನೆಲೆಸಿದರು.

ಮುಂಬಯಿಯ ಶಾಸನಸಭೆಯಲ್ಲಿ ಅವರು ಮಂಡಿಸಿದ ಪ್ರಾಥಮಿಕ ಶಿಕ್ಷಣದ ಮಸೂದೆಯು 1918ರಲ್ಲಿ ಕಾಯಿದೆಯಾಯಿತು. ಪುರಸಭೆಗಳು ತಮ್ಮ ಊರಿನಲ್ಲಿ ಶಿಕ್ಷಣವನ್ನು ಕಡ್ಡಾಯಗೊಳಿಸಲು ಅದು ಅಧಿಕಾರವಿತ್ತಿತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಪ್ರಾಂತಗಳು ಆಗ ಮುಂಬಯಿ ಇಲಾಖೆಗೆ ಸೇರಿದ್ದವು. ನಮ್ಮ ಪುರಸಭೆಗಳಿಗೂ ಈ ಕಾಯಿದೆಯ ದಾರಿ ತೆರೆಯಿತು. ಅದೇ ವರ್ಷ ಅವರು ದಿಲ್ಲಿಯ ಮೇಲಿನ ಸಭೆಯಲ್ಲಿ, ಹಿಂದೂಗಳ ಅಂತರ್ಜಾತೀಯ ವಿವಾಹಗಳನ್ನು ಶಾಸನಸಮ್ಮತಗೊಳಿಸುವ ಮಸೂದೆಯನ್ನು ತಂದರು. ಸನಾತನಿಗಳ ಪ್ರತಿಭಟನೆಯ ನಡುವೆ ಅದು ಅಲ್ಲಿಯೇ ನಿಂತಿತು. ಆ ಉದ್ದೇಶವು ಕೈಗೂಡಲು 1949ನೆಯ ಇಸವಿಯೇ ಬರಬೇಕಾಯಿತು.

1922ರಲ್ಲಿ ಚೌರಿ ಚೌರಾದ ದುರಂತದ ತರುವಾಯ ಅಸಹಕಾರದ ಚಳವಳಿಯು ನಿಂತುಹೋಯಿತು. ಶಾಸನಸಭೆಯನ್ನು ಹೊಕ್ಕು ಒಳಗಿನಿಂದಲೇ ಸರಕಾರವನ್ನು ಎದುರಿಸಬೇಕೆಂದು ಚಿತ್ತರಂಜನ ದಾಸ, ಮೋತೀಲಾಲ ನೆಹರೂ ಇವರು 1923ರಲ್ಲಿ ಸ್ವರಾಜ್ಯ ಪಕ್ಷವನ್ನು ಕಟ್ಟಿದಾಗ ವಿಠ್ಠಲಭಾಯಿಯವರು ಅವರೊಡನೆ ನಿಂತರು. ಮುಂಬಯಿ ನಗರದಿಂದ ಕೇಂದ್ರ ಶಾಸನಸಭೆಗೆ ಚುನಾಯಿತರಾದರು. 1919ರ ಕಾಯಿದೆಯಿಂದ ಹುಟ್ಟಿದ ಆ ಸಭೆಯಲ್ಲಿ ಚುನಾಯಿತರ ಸಂಖ್ಯೆಯೇ ಅಧಿಕವಾಗಿದ್ದರೂ ಸರಕಾರವು ಅದಕ್ಕೆ ಹೊಣೆಗಾರನಾಗಿರಲಿಲ್ಲ. ಮೊದಲ ನಾಲ್ಕು ವರ್ಷ ಸರಕಾರವೇ ನೇಮಿಸಿದ ಸರ್ ಫ್ರೆಡರಿಕ್ ವೈಟ್ ಇವರು ಅಧ್ಯಕ್ಷರಾಗಿದ್ದರು. ಅವರ ಅವಧಿಯು ಮುಗಿಯಲು 1925ರ ಆಗಸ್ಟ್ 24ರಂದು ಸಿಮ್ಲೆಯಲ್ಲಿ ಚುನಾವಣೆ ನಡೆಯಿತು. ಮದ್ರಾಸಿನ ರಂಗಾಚಾರ್ಯರಿಗೆ 56, ವಿಠ್ಠಲಭಾಯಿಯವರಿಗೆ 58 ಮತಗಳು ಬಂದವು. ಎರಡು ಮತಗಳ ಅಂತರದಿಂದ ಆ ಪೀಠವು ಸಭೆಯೇ ಆರಿಸಿದ ಭಾರತೀಯನ ಪಾಲಾಯಿತು.

ಅಂದಿನಿಂದ ಅವರು ಪಕ್ಷವನ್ನು ತೊರೆದರು. ಸಂಬಳದಲ್ಲಿ ದೊಡ್ಡ ಪಾಲನ್ನು ಲೋಕಕಾರ್ಯಕ್ಕೆಂದು ಗಾಂಧೀಜಿಯವರಿಗೆ ಒಪ್ಪಿಸುತ್ತಿದ್ದರು. ಅವರು ಎಂದೂ ಎಲ್ಲೆ ಮೀರಲಿಲ್ಲವೆಂದು ನಾವು ಹೇಳುವುದಿಲ್ಲ. 1926ರ ಮಾರ್ಚಿಯಲ್ಲಿ ಸ್ವರಾಜ್ಯ ಪಕ್ಷದವರು ಸಭಾತ್ಯಾಗ ಮಾಡಿದಾಗ, ವಿವಾದದ ಮಸೂದೆಗಳನ್ನು ತರಬಾರದೆಂದು ಸರಕಾರಕ್ಕೆ ಎಚ್ಚರಿಕೆಯಿತ್ತು ಸಭೆಯನ್ನು ಮುಂದೂಡಿದರು. ಮರುದಿನ ತಮ್ಮ ಮಾತಿನ ಬಿರುಸನ್ನು ತಾವೇ ತಗ್ಗಿಸಿಕೊಂಡರು. ಇಂಥವರನ್ನೇ 1927ರಲ್ಲಿ ಹೊಸ ಸಭೆಯು ಅವಿರೋಧವಾಗಿ ಮತ್ತೆ ಆರಿಸಿತು.

ನಿಜವಾದ ಪರೀಕ್ಷೆಯು 1928ರಲ್ಲಿ ಬಂದಿತು. ಸಾರ್ವಜನಿಕ ಸುರಕ್ಷತೆಯ ಹೆಸರಿನಲ್ಲಿ ಸರಕಾರವು ತಂದ ದಮನಕಾರಿ ಮಸೂದೆಯ ಮೇಲೆ ಮತಗಳು ಸಮಸಮವಾದವು. ಅಧ್ಯಕ್ಷರು ತಮ್ಮ ನಿರ್ಣಾಯಕ ಮತವನ್ನು ವಿರುದ್ಧವಾಗಿ ಕೊಟ್ಟು ಅದನ್ನು ಬೀಳಿಸಿದರು. 1929ರಲ್ಲಿ ಮಸೂದೆಯು ಮರಳಿ ಬಂದಿತು. ಅಷ್ಟರಲ್ಲಿ ಮೀರತ್ ಒಳಸಂಚಿನ ಮೊಕದ್ದಮೆಯು ಹೂಡಲ್ಪಟ್ಟಿತ್ತು. ನ್ಯಾಯಾಲಯದ ಮುಂದಿರುವ ವಿಷಯವನ್ನು ಮುಟ್ಟದೆ ಮಸೂದೆಯನ್ನು ಚರ್ಚಿಸುವುದು ಅಸಾಧ್ಯ. ಮೊಕದ್ದಮೆಯನ್ನಾಗಲಿ ಮಸೂದೆಯನ್ನಾಗಲಿ ಬಿಡಬೇಕೆಂದು ಅವರು ಸೂಚಿಸಿದರು. ಸರಕಾರವು ಒಪ್ಪಲಿಲ್ಲ. ಏಪ್ರಿಲ್ 8ರಂದು ಅವರು ತೀರ್ಪು ಹೇಳಲು ಎದ್ದ ಗಳಿಗೆಯಲ್ಲಿಯೇ ಭಗತಸಿಂಗ, ಬಟುಕೇಶ್ವರ ದತ್ತ ಇವರು ಸಭಾಗೃಹದಲ್ಲಿ ಬಾಂಬು ಎಸೆದರು. ಮೂರು ದಿನಗಳ ತರುವಾಯ ಅದೇ ಪೀಠದಿಂದ ಅವರು ಮಸೂದೆಯು ಕ್ರಮಬದ್ಧವಲ್ಲವೆಂದು ತೀರ್ಪಿತ್ತರು. ಬಾಂಬಿನ ಸದ್ದಿಗೂ ಸರಕಾರದ ಮುನಿಸಿಗೂ ಆ ತೀರ್ಪು ಕದಲಲಿಲ್ಲ. ವೈಸರಾಯರು ಸುಗ್ರೀವಾಜ್ಞೆಯಿಂದ ತಮ್ಮ ಇಷ್ಟವನ್ನು ಸಾಧಿಸಿದರು. ಆದರೆ ಸಭೆಯ ಒಪ್ಪಿಗೆಯಿದೆಯೆಂದು ಹೇಳಿಕೊಳ್ಳುವ ಸೌಕರ್ಯವು ಅವರಿಗೆ ದೊರೆಯಲಿಲ್ಲ.

ಇದಕ್ಕಿಂತಲೂ ಬಹುಕಾಲ ಬಾಳಿದ ಇನ್ನೊಂದು ಕಾರ್ಯವಿದೆ. ಸಭೆಯ ಕಚೇರಿಯ ನೌಕರರು ಸರಕಾರದ ಅಧೀನರಾಗಿರುವ ತನಕ ಸಭೆಯು ಸ್ವತಂತ್ರವಲ್ಲವೆಂದು ಅವರು ಕಂಡುಕೊಂಡಿದ್ದರು. 1928ರಲ್ಲಿ ಮೋತೀಲಾಲರ ಠರಾವನ್ನು ಸಭೆಯು ಅಂಗೀಕರಿಸಿತು; 1929ರ ಜನವರಿ 10ರಂದು ಅಧ್ಯಕ್ಷರ ಕೈಕೆಳಗಿನ ಪ್ರತ್ಯೇಕ ಕಚೇರಿಯು ಅಸ್ತಿತ್ವಕ್ಕೆ ಬಂದಿತು. ಇಂದಿನ ಲೋಕಸಭೆಯ ಸಚಿವಾಲಯದ ಮೂಲವು ಅದೇ. ಸಭಾಗೃಹದ ಕಾವಲಿನ ವಿಷಯದಲ್ಲಿಯೂ ಅವರು ಹೀಗೆಯೇ ಹೋರಾಡಿದರು.

ಉಪ್ಪಿನ ಸತ್ಯಾಗ್ರಹವು ದೇಶವನ್ನೆಲ್ಲ ವ್ಯಾಪಿಸಲು, 1930ರ ಏಪ್ರಿಲಿನಲ್ಲಿ ಅವರು ಪೀಠಕ್ಕೆ ರಾಜೀನಾಮೆಯಿತ್ತು ಹೊರಬಂದರು. ಅದೇ ವರ್ಷ ಸೆರೆಮನೆಯನ್ನು ಸೇರಿದರು. ಅಲ್ಲಿ ದೇಹಸ್ಥಿತಿಯು ಕೆಟ್ಟಿತು. ಚಿಕಿತ್ಸೆಗೆಂದು ಯುರೋಪಿಗೆ ಹೋದವರು ಅಮೇರಿಕೆಯಲ್ಲಿಯೂ ದೇಶದ ಪರವಾಗಿ ಸಂಚರಿಸಿದರು. 1933ರ ಅಕ್ಟೋಬರ್ 22ರಂದು ಸ್ವಿಟ್ಜರ್ಲಂಡಿನಲ್ಲಿ ದೇಹಬಿಟ್ಟರು; ಸುಭಾಷಚಂದ್ರ ಬೋಸರು ಅವರ ಶುಶ್ರೂಷೆ ಮಾಡಿದ್ದರು. ಪಾರ್ಥಿವ ಶರೀರವು ಮುಂಬಯಿಗೆ ಬಂದಾಗ ವಲ್ಲಭಭಾಯಿಯವರು ನಾಸಿಕದ ಸೆರೆಯಲ್ಲಿದ್ದರು. ಸರಕಾರದ ಷರತ್ತುಗಳಿಗೆ ಒಳಪಟ್ಟು ಅಣ್ಣನ ಅಂತ್ಯಸಂಸ್ಕಾರಕ್ಕೆ ಬರಲು ಅವರು ಒಪ್ಪಲಿಲ್ಲ.

ವಿಠ್ಠಲಭಾಯಿಯವರ ಕೈಗೆ ಬಂದ ಅಧಿಕಾರವು ಅಲ್ಪ. ಅದನ್ನಿತ್ತ ಕಾಯಿದೆಯೂ ಪರಕೀಯರದು. ಆದರೂ ಆಳುವವರ ಅನುಕೂಲಕ್ಕಾಗಿ ನಿಯಮವನ್ನು ಬಗ್ಗಿಸಲು ಅವರು ಒಪ್ಪಲಿಲ್ಲ. ಈಗ ಕಾಯಿದೆಯೂ ನಮ್ಮದು, ಸಭೆಯೂ ನಮ್ಮದು, ಸರಕಾರವೂ ನಮ್ಮದು. ಸರಕಾರವು ನಮ್ಮದೇ ಆದಾಗ ಅದಕ್ಕೆ ತಲೆಬಾಗದಿರುವುದು ಸುಲಭವಾಯಿತೆಂದು ಯಾರೂ ಭಾವಿಸದಿರಲಿ. ಅದು ಇನ್ನೂ ಕಠಿಣವೆಂದೇ ನಮ್ಮ ಅಭಿಪ್ರಾಯ. ದೇಶದ ಶಾಸನಸಭೆಗಳಲ್ಲಿ ಆ ಪೀಠವನ್ನೇರುವ ಪ್ರತಿಯೊಬ್ಬರೂ, ತಮ್ಮನ್ನು ಆರಿಸಿದ ಬಹುಮತವನ್ನು ಮೆಟ್ಟಿಲ ಕೆಳಗೆಯೇ ಬಿಟ್ಟು ಬಂದ ಈ ಮಹನೀಯರನ್ನು ಸ್ಮರಿಸಬೇಕು.